ಬೇರಿನ ತುದಿ

ಮಂಗಳವಾರ, ಹತ್ತೂ ಕಾಲು.
ಗ್ರಿಮ್ಸ್‌ಬಿಯ ಬಂದರಿನಿಂದ ಮಂಜು ಇನ್ನೂ ಎದ್ದಿಲ್ಲ,
ಪ್ರಯೋಗಾಲಯದ ಕಿಟಕಿಗೆ ಮೀನಿನ ವಾಸನೆ ಒರಗಿ ನಿಂತಿದೆ.
ಹನ್ನೆರಡು ಬೀಕರು, ಹನ್ನೆರಡು ಉಳ್ಳಾಗಡ್ಡಿ.
ಕುಂಡೆಯಷ್ಟೇ ನೀರಿಗೆ ತಾಗುವ ಹಾಗೆ ಕೂರಿಸಿದ್ದೆ ಶುಕ್ರವಾರ,
ಈಗ ಬಿಳಿ ಬೇರು, ಎಳೆ ಶಾವಿಗೆಯ ಹಾಗೆ.

ತುದಿಯ ಎರಡು ಮಿಲಿಮೀಟರು ಸಾಕು ನನಗೆ.
ಒಂದು ಎರಡಾಗುವುದು ಅಲ್ಲೇ; ಮೇಲಿನದು ಬರೀ ಉದ್ದವಾಗುತ್ತದೆ.
ಕತ್ತರಿಸಿ, ಬಿಸಿ ಆಮ್ಲದಲ್ಲಿ ಐದು ನಿಮಿಷ,
ಬಣ್ಣ ಒಂದು ಹನಿ, ಮೇಲೆ ಗಾಜು, ಗಾಜಿನ ಮೇಲೆ ಕಾಗದ,
ಕಾಗದದ ಮೇಲೆ ನನ್ನ ಹೆಬ್ಬೆರಳು.
ಹೇನು ಕುಕ್ಕುವ ಹಾಗೆ ನೇರ ಒತ್ತಬೇಕು,
ಜಾರಿದರೆ ಎಲ್ಲ ಕಲಸುಮೇಲೋಗರ.
ಹತ್ತೊಂಬತ್ತು ವರ್ಷದ ಕಸುಬು. ಪಾಠ ನನ್ನದಲ್ಲ,
ಪಾಠ ಮಿಸ್ ಬ್ಲಾಂಚರ್ಡ್ ಅವರದು. ನಾನು ಬೇರು ಕೊಯ್ಯುವವಳು.

ಆದರೂ ಒಮ್ಮೆ ಕಣ್ಣಿಟ್ಟು ನೋಡದೆ ಕಳಿಸುವುದಿಲ್ಲ.
ನಮ್ಮೂರ ಕಡೆ ಹಿಸ್ಸೆ ಅಂದರೆ ಮೊದಲು ಜಗಳ,
ಆಮೇಲೆ ಅಳತೆಯ ಸರಪಳಿ, ಆಮೇಲೆ ಅಂಗಳದ ನಡುವೆ ಗೋಡೆ,
ಒಬ್ಬನಿಗೆ ಬಾವಿ, ಇನ್ನೊಬ್ಬನಿಗೆ ಹಗ್ಗ.
ಇಲ್ಲಿ ನೋಡಿ: ಪಾಲಾಗುವ ಮೊದಲೇ
ಇದ್ದದ್ದೆಲ್ಲದರ ನಕಲು ಬರೆದಿಟ್ಟಾಗಿದೆ,
ಹದಿನಾರು ಕಾಗದಪತ್ರ, ಒತ್ತಕ್ಷರ ತಪ್ಪದೆ.
ನಡುಮನೆಗೆ ಬಂದು ಸಾಲಾಗಿ ನಿಲ್ಲುತ್ತವೆ,
ಎರಡೂ ಕಡೆಯಿಂದ ನೂಲು ಎಳೆಯುತ್ತದೆ,
ಗೋಡೆ ಏಳುವುದು ಎಲ್ಲ ಮುಗಿದ ಮೇಲೆ.
ಯಾರಿಗೂ ಅರ್ಧ ಇಲ್ಲ.
ಭಾಗಾಕಾರ ಮಾಡಿದರೆ ಗುಣಾಕಾರದ ಉತ್ತರ ಬರುವ ಲೆಕ್ಕ
ನಾನು ಕಂಡದ್ದು ಇದೊಂದೇ.

ಕೊನೆಯ ಬೆಂಚಿನ ಟೆಗನ್ ಡ್ರೂರಿ ಕೈ ಎತ್ತಿದಳು.
ಅವಳಪ್ಪ ಮೀನು ಸೀಳುವ ಕಾರ್ಖಾನೆಯಲ್ಲಿ.
ಕೇಳಿದ್ದು ಟೀಚರನ್ನಲ್ಲ, ಟ್ರೇ ಹಿಡಿದ ನನ್ನನ್ನು:
"ಇದು ಸತ್ತಿದೆಯಾ?"
ಹೌದು.
"ಯಾವಾಗ?"
ಇವತ್ತೇ, ಹತ್ತೂ ಕಾಲಿಗೆ.
"ಹಾಗಾದರೆ ಅದಕ್ಕೆ ಗೊತ್ತೇ ಆಗಲಿಲ್ಲ,
ಎರಡಾದೆನೋ ಇಲ್ಲವೋ ಅಂತ."
ಆಮ್ಲದ ಬಾಟಲಿಯ ಮುಚ್ಚಳ ತಿರುವುತ್ತಾ ನಿಂತೆ.
ಮುಚ್ಚಳ ಆಗಲೇ ಬಿಗಿಯಾಗಿತ್ತು.

ಮುಂದಿನ ವಾರ ಇನ್ನೊಂದು ವಿಭಜನೆ.
ಅದಕ್ಕೆ ಬೇರು ಸಾಲದು, ಹೂವೇ ಬೇಕು.
ಕಪಾಟಿನಲ್ಲಿ ಲಿಲ್ಲಿ ಹೂವಿನ ಹಳೇ ಸ್ಲೈಡುಗಳು,
ನನಗಿಂತ ಮೊದಲು ಈ ಶಾಲೆಗೆ ಬಂದವು,
ಗುಲಾಬಿ ಮಾಸಿ ಚಹಾದ ಬಣ್ಣ.
ಅಲ್ಲಿ ನಿಜಕ್ಕೂ ಅರ್ಧ. ಅರ್ಧವಾಗುವ ಮೊದಲು
ಅಪ್ಪನ ಕಡೆಯದು, ಅವ್ವನ ಕಡೆಯದು ಮೈಗೆ ಮೈ ಹಚ್ಚಿ ಮಲಗುತ್ತವೆ,
ತುಂಡಿಗೆ ತುಂಡು ಅದಲು ಬದಲು,
ಎದ್ದಾಗ ಯಾರ ಮೂಗು ಯಾರದೋ.

ಈ ಲೆಕ್ಕ ನನ್ನೊಳಗೂ ಉಂಟು ಎಂದು ಓದಿದ ದಿನ
ಡಬ್ಬಿ ಬಿಚ್ಚದೆ ಕೂತಿದ್ದೆ.
ಗದಗಿನಲ್ಲಿ ಆಯಿಯ ಹೊಟ್ಟೆಯಲ್ಲಿ ಅವ್ವ ಇದ್ದಾಗಲೇ
ಅವ್ವನ ಹೊಟ್ಟೆಯಲ್ಲಿ ನನ್ನ ಅರ್ಧ ಇತ್ತಂತೆ,
ತಬ್ಬಿದ ಗಳಿಗೆಯಲ್ಲೇ ನಿಂತು
ಇಪ್ಪತ್ತಾರು ವರ್ಷ ಕಾದಿತ್ತಂತೆ.
ಹಾಗೆಯೇ ನನ್ನವು. ಸಾವಿರಗಟ್ಟಲೆ.
ಯಾರೂ ಆಮ್ಲ ಸುರಿಯದೆ, ಯಾರೂ ಹೆಬ್ಬೆರಳು ಒತ್ತದೆ
ಐವತ್ತೆರಡು ವರ್ಷ ನಡುವಿನಲ್ಲೇ ನಿಂತವು.
ಜೂನಿನಿಂದ ಬಟ್ಟೆ ಬೇಕಾಗಿಲ್ಲ.
ಸರದಿ ಬಾರದೆ ಉಳಿದವಕ್ಕೆ ಏನು ಹೇಳಲಿ, ಟೆಗನ್?
ಅವಕ್ಕೂ ಗೊತ್ತಾಗಲಿಲ್ಲ.

ಹಾಫ್‌ಟರ್ಮ್ ರಜೆ ಮುಗಿಸಿ ಬಂದರೆ
ಸಿಂಕಿನ ಹಿಂದೆ ಮರೆತ ಒಂದು ಬೀಕರು.
ಒಂಬತ್ತು ದಿನ ದೀಪ ಇಲ್ಲ, ಪಾಠ ಇಲ್ಲ, ನೋಡುವ ಕಣ್ಣಿಲ್ಲ.
ನೀರೆಲ್ಲ ಕುಡಿದು, ಗಾಜಿನ ತಳ ಸುತ್ತಿ ಸುತ್ತಿ
ಉಳ್ಳಾಗಡ್ಡಿಗೆ ಅಜ್ಜನ ಗಡ್ಡ ಬಂದಿದೆ.
ಎಳೆದೆ. ಬರಲಿಲ್ಲ.
ಚಾಕು ಒರೆಸಿ ಡ್ರಾಯರಿಗೆ ಹಾಕಿ,
ನಳ ತಿರುಗಿಸಿ,
ಇನ್ನಷ್ಟು ನೀರು ಬಿಟ್ಟೆ.