ಪೆಪ್ಪರಮಿಂಟಿನ ತಾಲೀಮು

ಕಾಯಿಲೆ ಇನ್ನೂ ಬಂದಿಲ್ಲ.
ಅದರ ಹೆಸರಿನ ಜಾಗ ಖಾಲಿ ಬಿಟ್ಟು
ಎಂಬತ್ತೆಂಟು ಪುಟ ಬರೆದಿದ್ದೇನೆ:
ಯಾರಿಗೆ ಯಾವ ಮದ್ದು, ಲೆಕ್ಕ ತೆಗೆಯುವುದು ಯಾವ ವಾರ,
ಸೋಲುವ ಮದ್ದನ್ನು ಎಷ್ಟನೇ ಜ್ವರಕ್ಕೆ ಕೈಬಿಡುವುದು.
ಮಾಕುಟ್ಟದ ಗೇಟು ಬಿದ್ದ ಮೇಲೆ
ಯೋಚಿಸಲು ಕೂತರೆ ತಡ.
ಅಷ್ಟು ಮಾತ್ರ ಕಲಿತಿದ್ದೇವೆ.

ಇವತ್ತು ಗೋಣಿಕೊಪ್ಪದ ಆಸ್ಪತ್ರೆಯಲ್ಲಿ ತಾಲೀಮು.
ಮದ್ದಿನ ಬದಲು ಪೆಪ್ಪರಮಿಂಟು,
ಬಿಳಿ ಒಂದು ಡಬ್ಬಿ, ಗುಲಾಬಿ ಒಂದು ಡಬ್ಬಿ.
ರೋಗಿಗಳ ಬದಲು, ಕಾಫಿ ಕೊಯ್ದು ಬಂದ
ಲೈನ್ ಮನೆಗಳ ಅರವತ್ತು ಮಂದಿ;
ಬೆರಳ ಸಂದಿಯಲ್ಲಿ ಹಣ್ಣಿನ ಅಂಟು.

ಸಿಸ್ಟರ್ ದೇಚಮ್ಮ ಲಕೋಟೆ ಹರಿಯುತ್ತಾಳೆ.
"ಮೇಡಂ, ಯಾವುದು ಗೆಲ್ತಾ ಇದೆ, ಒಮ್ಮೆ ನೋಡಿಬಿಡೋಣವಾ?"
ಬೇಡ. ಇಣುಕಿದಷ್ಟು ಸಲ
ನಂಬಿಕೆ ಇಷ್ಟಿಷ್ಟು ಖರ್ಚಾಗುತ್ತದೆ.
ಅವಳಿಗೆ ಸೂತ್ರ ಬೇಕಾಗಲಿಲ್ಲ:
"ಕಡಂಬುಟ್ಟು ಬೇಯುವಾಗ ಮುಚ್ಚಳ ತೆಗೆದ ಹಾಗೆ."
ಹೌದು, ಹಾಗೆಯೇ. ಮೂರೇ ಸಲ ತೆಗೆಯಬಹುದು,
ಯಾವಾಗ ಎಂದು ಮೊದಲೇ ಬರೆದಿಟ್ಟು.

ನಲವತ್ತು ಮಂದಿ ಆದ ಮೇಲೆ ತೆಗೆದೆವು.
ಸುಳ್ಳು ಅಂಕಿ, ನಾನೇ ಹೆಣೆದದ್ದು: ಬಿಳಿ ಸೋಲುತ್ತಿದೆ.
ಇನ್ನು ಮೂವರಲ್ಲಿ ಇಬ್ಬರಿಗೆ ಗುಲಾಬಿ.
ನಡೆಯುತ್ತಲೇ ದಾರಿ ಕಲಿಯುವ ಪರೀಕ್ಷೆ;
ಒಳಗೊಳಗೇ ನನಗೆ ಹೆಮ್ಮೆ.

ಬೆಂಚಿನ ತುದಿಯಿಂದ ಪಣಿ ಎರವರ ಬೊಳ್ಕ ಎದ್ದ.
ನಾಲಗೆ ಚಾಚಿದ. ಬಿಳಿ ಕರಗುತ್ತಿತ್ತು.
"ನಾನು ಎಂಟನೆಯವ. ನನ್ನ ಲೆಕ್ಕ ಏನಾಯಿತು?"

ಎಂಬತ್ತೆಂಟೂ ಪುಟ ಮನಸ್ಸಿನಲ್ಲೇ ತಿರುವಿದೆ.
ಅವನು ಇದ್ದ, ಇರಲಿಲ್ಲವೆಂದಲ್ಲ.
ಛೇದದಲ್ಲಿದ್ದ.

ಮತ್ತೆ ಅವನೇ ಹೇಳಿದ, ಚೀಪುತ್ತ:
"ಆನೆ ದಾರಿಯಲ್ಲಿ ಒಬ್ಬ ಮುಂದೆ ಹೋಗಲೇಬೇಕು.
ಅವನನ್ನು ಕೇಳಿಯೇ ಕಳಿಸುವುದು.
ಕೂಗಿದರೆ ಕೇಳುವಷ್ಟೇ ಹಿಂದೆ ಉಳಿದವರು.
ಅವ ಏನಾದ ಅಂತ ತಿಳಿಯದೆ
ಯಾರೂ ಗಂಜಿಗೆ ಕೂರುವುದಿಲ್ಲ."

ಸಂಜೆ ಹದಿನಾಲ್ಕನೇ ಭಾಗಕ್ಕೆ ಎರಡು ಸಾಲು ಸೇರಿಸಿದೆ:
ಸೋತ ಮದ್ದು ನುಂಗಿದವರ ಮನೆಗೆ
ಸುದ್ದಿ ಮೊದಲು ತಲುಪಬೇಕು, ಅವರದೇ ಮಾತಿನಲ್ಲಿ.
ಗೆದ್ದ ಮದ್ದೂ, ಆ ಕೈಯಲ್ಲೇ.
ಸಮಿತಿ ಒಪ್ಪೀತೋ ಇಲ್ಲವೋ,
ಅದಕ್ಕೆ ಸಂಭವದ ಅಂಕಿ ನನ್ನಲ್ಲಿಲ್ಲ.

ಡಬ್ಬಿ ಎಣಿಸಿದರೆ ಗುಲಾಬಿ ಒಂದು ಕಡಿಮೆ.
ದೇಚಮ್ಮ ಗೇಟಿನತ್ತ ಗಲ್ಲ ಎತ್ತಿದಳು:
ತೋಟದ ಜೀಪಿನಲ್ಲಿ ಬೊಳ್ಕನ ಮೊಮ್ಮಗಳು,
ಒಂದು ಕೆನ್ನೆ ಉಬ್ಬಿದೆ.
ನಿಯಮ ಮೀರಿದವರ ಪಟ್ಟಿಯಲ್ಲಿ ಬರೆಯಬೇಕು.
ಪೆನ್ನಿನ ಮುಚ್ಚಳ ಹುಡುಕುತ್ತಿದ್ದೇನೆ.