ತುಕ್ಕಿನ ವಯಸ್ಸು

ಫಾರಂನಲ್ಲಿ ಮೂರು ಗೆರೆ ಬಿಟ್ಟಿದ್ದಾರೆ:
ಅಪಘಾತ ಹೇಗಾಯಿತು, ನಿಮ್ಮದೇ ಮಾತಿನಲ್ಲಿ ಬರೆಯಿರಿ.
ನನ್ನದೇ ಮಾತು ಕೊಂಕಣಿ. ಫಾರಂ ಇಂಗ್ಲಿಷಿನದು.
ನಡುವೆ ನಿಂತು ಕನ್ನಡದಲ್ಲಿ ಬರೆದೆ:
ಬೈತಖೋಲ ತಿರುವಿನಲ್ಲಿ ಮೀನಿನ ಟೆಂಪೊ
ಹಿಂದಕ್ಕೆ ಬಂತು. ನಾನು ನಿಂತಿದ್ದೆ.

ಪೂರ್ತಿ ನಿಂತಿರಲಿಲ್ಲ.
ಕಾಲು ಬ್ರೇಕಿನ ಮೇಲಿತ್ತು, ಕಣ್ಣು ಬಂದರಿನ ಮೇಲೆ.
ಕೋಸ್ಟ್ ಗಾರ್ಡ್ ಹಡಗಿನಲ್ಲಿ ಸಾಲಾಗಿ ನಿಂತ ಹುಡುಗರ
ಬಿಳಿ ಅಂಗಿಗಳಲ್ಲಿ ನಾನು ಹೊಲಿದದ್ದು ಯಾವುದೆಂದು
ಹುಡುಕುತ್ತಿದ್ದೆ. ಇದಕ್ಕೆ ಗೆರೆ ಸಾಲಲಿಲ್ಲ.

ಸದ್ದು ದೊಡ್ಡದೇನಲ್ಲ, ತಟ್ಟೆ ಕೈಜಾರಿದ ಹಾಗೆ.
ಆಮೇಲೆ ಒಂದು ಬುಟ್ಟಿ ಬಂಗಡೆ, ಐಸಿನ ಸಮೇತ,
ಬಾನೆಟ್ಟಿನ ಮೇಲೆ.
ಗುಣೋ ತಾಂಡೇಲ ಇಳಿದು ಬಂದ,
ಮೊದಲು ಮೀನು ಎಣಿಸಿದ, ಆಮೇಲೆ ನನ್ನನ್ನು ನೋಡಿದ.
"ಕಿತೆಂ ಜಾಲೆಂ ಮಾಮಾ? ಎರಡು ಇಸವಾಣ ತಗೊಂಡು ಮುಗಿಸಿ."
ಆರು ವರ್ಷ ಪ್ರೀಮಿಯಂ ಕಟ್ಟಿದವನು ನಾನು,
ಒಂದು ಸಲವೂ ಏನೂ ಕೇಳದವನು.
ಇಲ್ಲ ಅಂದೆ. ಕಾಗದದ ಪ್ರಕಾರವೇ ಹೋಗೋಣ.

ಕಾಗದ ನಿಧಾನ ಹೋಗುತ್ತದೆ.
ಆರ್‌ಸಿ, ಲೈಸೆನ್ಸು, ರದ್ದು ಮಾಡಿದ ಚೆಕ್ಕು,
ನಾಲ್ಕು ದಿಕ್ಕಿನಿಂದ ಫೋಟೊ.
ಫೋನಿನ ಹುಡುಗಿ ಪ್ರತಿ ಸಲ ಹೊಸಬಳು,
ಫಾತರ್ಪೇಕರ ಎಂಬ ನನ್ನನ್ನು ಪ್ರತಿ ಸಲ ಹೊಸದಾಗಿ ಮುರಿಯುತ್ತಾಳೆ.
"ನಿಮಗಾದ ತೊಂದರೆಗೆ ವಿಷಾದವಿದೆ" ಅನ್ನುವಾಗ ಮಾತ್ರ
ನಾಲಿಗೆ ತಡವರಿಸುವುದಿಲ್ಲ.

ಹದಿನೇಳನೆಯ ದಿನ ಸರ್ವೇಯರ್ ಬಂದರು, ಹುಬ್ಬಳ್ಳಿಯಿಂದ,
ಅರಬೈಲ್ ಘಾಟಿಯ ತಲೆಸುತ್ತು ಇನ್ನೂ ಮುಖದಲ್ಲಿತ್ತು.
ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಕೆರೆದರು.
ಬೆರಳು ಕೆಂಪಾಯಿತು.
"ಇದು ಹಳೇ ಪೆಟ್ಟು ಬಿಡ್ರೀ. ತುಕ್ಕು ನೋಡ್ರಿ,
ಕಡಿಮಿ ಅಂದ್ರೂ ಆರು ತಿಂಗಳಾಗಿರಬೇಕು."
"ಸರ್, ಹದಿನೇಳು ದಿನ."
"ತುಕ್ಕು ಸುಳ್ಳು ಹೇಳಂಗಿಲ್ಲ."

ಹೇಗೆ ಹೇಳಲಿ ಅವರಿಗೆ.
ನನ್ನ ಕತ್ತರಿಗೆ ರಾತ್ರಿ ಎಣ್ಣೆ ಸವರದಿದ್ದರೆ
ಬೆಳಿಗ್ಗೆ ಅದು ಬಾಯಿ ಬಿಡುವುದಿಲ್ಲ.
ಸೂಜಿಗಳನ್ನು ಮೇಣದ ಉಂಡೆಯಲ್ಲಿ ಹೂತಿಡುತ್ತೇನೆ.
ನಿಮ್ಮೂರಲ್ಲಿ ವರ್ಷ ಹಿಡಿಯುವುದನ್ನು ನಮ್ಮ ಗಾಳಿ
ಅಮಾವಾಸ್ಯೆಯಿಂದ ಹುಣ್ಣಿಮೆಯೊಳಗೆ ಮುಗಿಸುತ್ತದೆ.
ನೀವು ಬರುವಷ್ಟರಲ್ಲಿ
ಆ ಪೆಟ್ಟಿಗೂ ತಲೆ ಹಣ್ಣಾಯಿತು, ಸ್ವಾಮಿ.

ಹೇಳಲಿಲ್ಲ. ಒಳಗಿನಿಂದ ಹೊಸ ಸೂಜಿಯೊಂದನ್ನು ತಂದು
ಅವರೆದುರೇ ಒರೆಸಿ, ಸಮುದ್ರದ ಕಡೆಯ ಕಿಟಕಿಯಲ್ಲಿಟ್ಟೆ.
"ನಾಳೆ ಬಂದು ನೋಡಿ."
ನಕ್ಕರು. ಮರುದಿನ ಅಂಕೋಲೆಯಲ್ಲಿ ಒಂದು ಲಾರಿ ನೋಡುವುದಿತ್ತು,
ಹೇಗೂ ಲಾಡ್ಜ್ ಹಿಡಿಯುವವರೇ.

ರಾತ್ರಿ ಎರಡಕ್ಕೆ ಎದ್ದು ನೋಡಿದೆ.
ಅವತ್ತೇ ಗಾಳಿ ಬಿದ್ದಿತ್ತು.
ಸೂಜಿ ಆಗಷ್ಟೇ ಪೊಟ್ಟಣ ಒಡೆದ ಹಾಗೆ ಹೊಳೆಯುತ್ತಿತ್ತು.
ಅಡುಗೆಮನೆಗೆ ಹೋಗಿ ಉಪ್ಪಿನ ಭರಣಿಯಲ್ಲಿ
ಒದ್ದೆ ಬೆರಳದ್ದಿ ತಂದು, ಒಂದೇ ಸಲ, ಸವರಿದೆ.
ನಿಜವೇ ಅದು. ಸ್ವಲ್ಪ ಬೇಗ ಬಂದ ನಿಜ.

ಬೆಳಿಗ್ಗೆ ಅವರು ಸೂಜಿಯನ್ನು ಬೆಳಕಿಗೆ ಹಿಡಿದರು,
ಫೋಟೊ ತೆಗೆದರು, ಯಾಕೋ ಮೂಸಿದರು,
ನನ್ನ ಮುಖ ನೋಡಿದರು.
"ಉಪ್ಪಿನ ಊರು" ಎಂದಷ್ಟೇ ಅಂದು ಬರೆದುಕೊಂಡರು.

ಪ್ಲಾಸ್ಟಿಕ್ಕಿಗೆ ಅರ್ಧ ಸವಕಳಿ, ತಗಡಿಗೆ ವಯಸ್ಸಿನ ಪ್ರಕಾರ,
ಕಡ್ಡಾಯವಾಗಿ ನನ್ನ ಪಾಲಿನದೇ ಒಂದು ಸಾವಿರ.
ಕಳೆದು ಬಂದದ್ದು ಎರಡು ಸಾವಿರದ ಮುನ್ನೂರ ಹತ್ತು.
ಹೆಂಡತಿ ಲೆಕ್ಕ ಹಾಕಿದಳು:
ಎರಡು ಇಸವಾಣ, ದೊಡ್ಡವಾದರೆ, ಇದಕ್ಕಿಂತ ಹೆಚ್ಚು.

ಕೋಡಿಬಾಗದ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದೆ.
ಬೇರೆಯವರಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತು,
ಅದೇ ಬಿಳಿ, ಬೇರೆ ಥಾನು.

ಸೂಜಿ ಬಿಸಾಡಲು ಮನಸ್ಸಾಗಲಿಲ್ಲ.
ನಿನ್ನೆ ಅವಸರಕ್ಕೆ ಅದೇ ಕೈಗೆ ಸಿಕ್ಕಿತು,
ಹಡಗಿನ ಹುಡುಗನೊಬ್ಬನ ಅಂಗಿಗೆ ಗುಂಡಿ ಹಾಕಬೇಕಿತ್ತು.
ಬಿಳಿಯ ಮೇಲೆ ಒಂದು ಕೆಂಪು ಚುಕ್ಕೆ.
ತೊಳೆದೆ, ನಿಂಬೆಹಣ್ಣು ಉಜ್ಜಿದೆ, ಹೋಗಲಿಲ್ಲ.
ಗುಂಡಿಯನ್ನು ಅದರ ಮೇಲೆಯೇ ಕೂರಿಸಿದೆ.