ಸೂಜಿ ಆಚೀ ಕಡಿಂದ

ಗಾಯ ಈಚೀ ಕಡೆ ಇದ್ರ
ಸೂಜಿ ಆಚೀ ಕಡಿಂದ ಚುಚ್ಚಬೇಕು.
ಇಷ್ಟು ಕಲಿಯಾಕ ಹನ್ನೊಂದು ವರ್ಷ ಹಿಡೀತು ನನಗ.
ಎರಡು ಕುದುರಿ ಹೋದ್ವು.

ಬೆಟಗೇರಿ. ಮಗ್ಗದ ಸಪ್ಪಳ ಗ್ವಾಡಿ ದಾಟಿ ಬರೋ ಓಣಿ.
ಮಕ್ತುಮಸಾಬನ ಮದುವಿ ಕುದುರಿ, ಬಿಳೇದು, ಶಬ್ನಮ್,
ಹಿಂದಿನ ಎಡಗಾಲಿನ ಗೊರಸು ತುದಿಯಷ್ಟ ಊರಿ ನಿಂತಿತ್ತು.
"ಬರೇ ಇಷ್ಟ ತಗಡು ಹೆರದೈತ್ರಿ ಬಾಯಾರ,
ಎರಡು ತಿಂಗಳಾತು."
ಅರಿಷಿಣ, ಸುಣ್ಣ, ಗ್ಯಾರೇಜಿನ ಕರೀ ಆಯಿಲ್ಲು,
ಯಾರೋ ಹೇಳಿದ ತಂಬಾಕ ಪುಡಿ.
ಎಲ್ಲಾ ಉಂಡರೂ ಗಾಯ ಬಾಯಿ ಮುಚ್ಚಿರಲಿಲ್ಲ.

ಮ್ಯಾಲೆ ದುಮ್ಮಾಂಸ, ಒಡದ ದಾಳಿಂಬರದಂಗ.
ನಡುವ ಒಂದು ತೂತು, ಅದರಾಗಿಂದ ಹಳದಿ ನೀರು.
ಎರಡು ಬೆರಳಾಗ ಹಿಡಿದು ಬಿಡಿಸಿದೆ,
ಬೆಲ್ಲದ ಪಾಕ ನೋಡಿದಂಗ.
ಎಳಿ ಬಂದ್ರ ಕೀಲಿನ ಎಣ್ಣಿ, ಬರದಿದ್ರ ಬರೇ ರಸಿಗಿ.
ಬಂತೋ, ಬರಲಿಲ್ಲೋ.
ಕಣ್ಣು ತನಗ ಬೇಕಾದ್ದ ಕಾಣತೈತಿ.

ಆಚೀ ಕಡೆ ಕೂದಲಾ ಬೋಳಿಸಿ, ಹತ್ತು ಮಿನಿಟು ತೊಳದು,
ಗೆಣ್ಣಿನ ಕೀಲಿನೊಳಗ ಸಲೈನ್ ಮೆಲ್ಲಗ ಬಿಟ್ಟೆ.
ಗಾಯದಾಗಿಂದ ಹೊರಗ ಬಂದ್ರ ಕೀಲು ಒಡದಂಗ,
ಮುಂದಿನ ಮಾತು ಬ್ಯಾರೆ.
ಊಟದ ಹೊತ್ತು, ಮಗ್ಗ ನಿಂತಿದ್ವು.
ಮಕ್ತುಮಸಾಬ ಗಾಯ ನೋಡಲಿಲ್ಲ,
ನನ್ನ ಮುಖಾ ನೋಡತಿದ್ದ.
ಐದು ಸಿಸಿ. ಹತ್ತು.
ಹದಿನೈದಕ್ಕ ಸಿರಿಂಜು ನನ್ನ ಹೆಬ್ಬೆರಳನ್ನ ಹಿಂದಕ್ಕ ದೂಡಿತು.
ಗಾಯದಾಗ ಒಂದು ಹೊಸ ಹನಿ ಇಲ್ಲ.

ಹಂಗಾದ್ರ ಒಳಗ ಕುಂತು
ಬಾಗಿಲಾ ತೆರದಿಟ್ಟಾವ್ರು ಯಾರು?
ಸಳಿ ಹಾಕಿದೆ. ಟಕ್ ಅಂತು.
ಎಲುಬಿನದ ಒಂದು ಚಕ್ಕಿ, ಯಾವಾಗಲೋ ಸತ್ತದ್ದು,
ಹೊರಗ ಹೋಗಾಕ ದಾರಿ ಕೇಳತಿತ್ತು ಇಷ್ಟು ದಿನ.
ಚಿಮಟದಾಗ ಹಿಡಿದು ಪೇಪರಿನ ಮ್ಯಾಲಿಟ್ಟೆ.
ದುಮ್ಮಾಂಸ ಹೆರದೆ. ಅದಕ್ಕ ನೋವಿಲ್ಲ,
ರಕ್ತ ಮಾತ್ರ ನಳಾ ಬಿಟ್ಟಂಗ.

"ಸೋಮವಾರ ಒಂದು ಮೆರವಣಿಗಿ ಹಿಡದೇನ್ರಿ..."
"ವರಾ ನಡಕೊಂತ ಹೋಗಲಿ."
ಅಡಿವೆಪ್ಪ, ನಮ್ಮ ಕಂಪೌಂಡರ್, ಬ್ಯಾಂಡೇಜಿನ ಮರಿಗೆ ನಕ್ಕ.

ಆಮ್ಯಾಲೆ ವಾರಕ್ಕೊಮ್ಮೆ ಹೋದೆ.
ಬಾಜೂಮನಿ ನೇಕಾರ್ತಿ ತುಳಜವ್ವ, ಯಾರೂ ಹೇಳದನ,
ಗಾಯದ ಅಗಲಾ ನೂಲಿನಾಗ ಹಿಡಿದು
ಪ್ರತಿ ಸಲಾ ಒಂದು ಗಂಟು ಹಾಕಿ
ಲಾಯದ ಮಳಿಗೆ ತೂಗಬಿಟ್ಟಿದ್ದಳು.
ನನ್ನ ಚೀಟಿಯಾಗ ಸೆಂಟಿಮೀಟರು. ಆಕಿ ಕಡೆ ಕೆಂಪು ನೂಲು.
ಗಂಟಿನಿಂದ ಗಂಟಿಗೆ
ಒಂದು ಅಕ್ಕಿಕಾಳಿನಷ್ಟು.
ಒಂದು ವಾರ ಅಷ್ಟೂ ಇಲ್ಲ.